ನೀಲಿ ತೊಟ್ಟೆಗೆ ಜಾಮೀನು

ಮಾನ್ಯ ಆರೋಗ್ಯ ನಿರೀಕ್ಷಕರ ಸನ್ನಿಧಿಗೆ,

ಬಿಜೈಯ ನಮ್ಮ ಜಿನಸಿನ ಅಂಗಡಿಯಿಂದ ನಿನ್ನೆ ತಾವು ವಶಪಡಿಸಿಕೊಂಡ ಪ್ಲಾಸ್ಟಿಕ್ ಚೀಲಗಳೆಲ್ಲ, ನಮ್ಮ ಬಾಯಲ್ಲಿ ತೊಟ್ಟೆಗಳೆಲ್ಲ, ಅಪರಾಧಿಗಳೇ. ಅವುಗಳ ಪರ ನನ್ನ ವಾದವಿಲ್ಲ. ಮೊಳೆಗೆ ನೇತುಹಾಕಿದ್ದ ನೀಲಿ ತೊಟ್ಟೆ ಮಾತ್ರ ನಿರಪರಾಧಿ. ಅದಕ್ಕೆ ಜಾಮೀನು ಕೋರುತ್ತೇನೆ.

"ಇನ್ನು ತೊಟ್ಟೆ ಉಂಟಾ?" ಎಂದು ತಾವು ಕೇಳಿದಾಗ ನನ್ನ ತಂದೆಯೇ ಅದನ್ನು ತೆಗೆದುಕೊಟ್ಟರಂತೆ.

"ಅದನ್ನು ಎಂತಕ್ಕೆ ಕೊಟ್ಟದ್ದು?" ಎಂದು ಆಮೇಲೆ ನಾನು ಕೇಳಿದೆ.

"ತೊಟ್ಟೆ ಅಲ್ವಾ ಮೋನೇ? ಕೇಳಿದ್ರು, ಕೊಟ್ಟೆ."

ಹೋದ ವಾರದಿಂದ ಅವರು ಹೀಗೆಯೇ. ಯಾರು ಏನು ಕೇಳಿದರೂ ಕೊಟ್ಟುಬಿಡುತ್ತಾರೆ.

ಹೋದ ವಾರ ಅತ್ತಾವರದ ಆಸ್ಪತ್ರೆಯಲ್ಲಿ ನನ್ನ ತಾಯಿ, ನಮ್ಮ ಉಮ್ಮ, ತೀರಿಕೊಂಡಾಗ ಅವರ ಸಾಮಾನನ್ನು ಆ ತೊಟ್ಟೆಯಲ್ಲಿ ಹಾಕಿ ಕೊಟ್ಟಿದ್ದರು. ಒಳಗೆ ಕನ್ನಡಕ ಮತ್ತು ತಲೆಗೆ ಹೊದೆಯುವ ಶಾಲು ಉಂಟು. ಶಾಲು ಒಗೆದದ್ದಲ್ಲ. ದಯವಿಟ್ಟು ಹಾಗೆಯೇ ಇರಲಿ.

ಜಾಮೀನಿಗೆ ಅವಕಾಶವಿಲ್ಲದಿದ್ದರೆ ತೊಟ್ಟೆ ತಮ್ಮಲ್ಲೇ ಇರಲಿ, ಒಳಗಿನದ್ದು ಕೊಡಿ. ನಿಯಮದಂತೆ ಬಟ್ಟೆ ಚೀಲ ಹಿಡಿದುಕೊಂಡೇ ಬರುತ್ತೇನೆ. ಗಿರಾಕಿಗಳಿಗೆಂದು ಉಮ್ಮನೇ ಹೊಲಿದದ್ದು. ಯಾರೂ ಕೇಳದೆ ಅಂಥವು ಅಂಗಡಿಯಲ್ಲಿ ತುಂಬ ಉಳಿದಿವೆ.

ಪ್ಲಾಸ್ಟಿಕ್ ನಿಷೇಧಕ್ಕೆ ಸದಾ ಬದ್ಧನಾದ,
ನವಾಝ್