ಎಡ ತುದಿಗೆ ಎರಡು ಸಾಲು ಹೊಲಿಗೆ

ಭಾನುವಾರ ಮಧ್ಯಾಹ್ನ
ಹದಿನಾರನೇ ತಾರೀಖು

ನನ್ನ ಮಾತಿನಮಲ್ಲಿಗೆ,

ಅಮ್ಮ ಮಾಡುವ ಆಶೀರ್ವಾದ. ಫೋನಿನಲ್ಲಿ ನೀನು ಮಾತು ತಿರುಗಿಸುವುದರಲ್ಲಿ ಪಳಗಿಬಿಟ್ಟಿದ್ದೀಯ, ನನಗೆ ಅಷ್ಟು ಉಸಿರಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದು ಫೋಟೊ ತೆಗೆದು ಕಳಿಸುತ್ತೇನೆ. ಒಬ್ಬಳೇ ಇದ್ದಾಗ ಓದು.

ನಾನು ಬರುತ್ತಿದ್ದೇನೆ. ಇಪ್ಪತ್ತೆಂಟಕ್ಕೆ ಹೊರಡುವ ವಿಮಾನ, ನಾಲ್ಕು ಗಂಟೆ ಪ್ರಯಾಣ, ಹತ್ತು ದಿನ ಅಲ್ಲಿ. ಮೊದಲ ಸಲ ನಾನು ಹೊರಟಾಗ ಬಿಸಿಲು ಜಾಸ್ತಿ ಅಂದೆ ನೀನು. ಎರಡನೇ ಸಲ ನಿನ್ನ ಕ್ಲಿನಿಕ್ಕಿಗೆ ತಪಾಸಣೆಯವರು ಬರ್ತಾರೆ ಅಂದೆ. ಈಗ ರೂಮಿಗೆ ಬಣ್ಣ ಹೊಡೀತಿದ್ದಾರೆ ಅಂತೀಯ. ಮೂರು ತಿಂಗಳಿಂದ ಬಣ್ಣ ಹೊಡೆಸಿಕೊಳ್ಳುವ ರೂಮು ಅರಮನೆಯೇ ಇರಬೇಕು ಬಿಡು.

ರಜೆ ಕೇಳಲು ಕಾರ್ಖಾನೆಯ ಮೇನೇಜರನ ಮುಂದೆ ನಿಂತೆ. ಏನಮ್ಮಾ, ವಿಮಾನ ಹತ್ತೋ ವಯಸ್ಸಾ ಇದು, ಹತ್ತು ದಿನ ಕಾಲರ್ ಯಾರು ಕೂರಿಸ್ತಾರೆ ಅಂದ. ಕಾಲರ್ ಇಲ್ಲದ ಅಂಗಿನೇ ಹೊಲಿಸಿ ಸಾರ್, ಹೊಸ ಫ್ಯಾಷನ್ ಅಂತ ಮಾರಿ ಅಂದೆ. ಹಿಂದಿನ ಲೈನಿನವರೆಲ್ಲ ಕಿಸಕ್ಕೆಂದು ನಕ್ಕುಬಿಟ್ಟರು. ಅವನಿಗೆ ಉರಿದುಹೋಯಿತು. ಉರಿಯಲಿ. ಇಪ್ಪತ್ತೆರಡು ವರ್ಷ ಅದೇ ಮಷೀನಿನ ಮುಂದೆ ಕೂತವಳು ಮಗಳ ಮುಖ ನೋಡಿ ಬರ್ತೀನಿ ಅಂದರೆ ಅವನ ಮುಂದೆ ಕೈಕಟ್ಟಿ ನಿಲ್ಲಬೇಕಂತೆ. ಕಾರ್ಮಿಕ ಸಂಘದವರು ನಾಲ್ಕು ಜನ ಬಂದು ಅವನ ಬಾಗಿಲಲ್ಲಿ ನಿಂತ ಮೇಲೆ ಸಹಿ ಬಿತ್ತು.

ಟಿಕೆಟ್ ಅಂಗಡಿಯವನು ಒಳ್ಳೆಯ ಮನುಷ್ಯ. ಕಿಟಕಿ ಪಕ್ಕ ಬೇಕಾ ಅಮ್ಮಾ ಅಂದ. ಮೋಡ ನೋಡಿ ನಾನೇನು ಮಾಡಲಪ್ಪ, ಕಾಲು ಚಾಚೋ ಕಡೆ ಕೊಡು ಅಂದೆ. ಪೆಡಲ್ ತುಳಿದು ತುಳಿದು ಸಂಜೆಗೆ ಪಾದ ಚಪ್ಪಲಿಯೊಳಗೆ ಹೋಗುವುದಿಲ್ಲ ಈಗ. ಅವನೇ ಭೂಪಟದಲ್ಲಿ ನೀನಿರುವ ದೇಶ ತೋರಿಸಿದ. ಸಮುದ್ರದ ಪಕ್ಕ ಉಗುರಿನಷ್ಟು ಜಾಗ. ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಒಂದೇ ಗಂಟೆ ಅಂತೆ. ಅಷ್ಟು ಚಿಕ್ಕ ದೇಶದಲ್ಲಿ ಹೆತ್ತವಳ ಕಣ್ಣು ತಪ್ಪಿಸಿ ಎರಡು ವರ್ಷ ಬಚ್ಚಿಟ್ಟುಕೊಳ್ಳಲು ನಿನಗೆಷ್ಟು ಸುಸ್ತಾಗಿರಬೇಕು ಮಗಳೇ.

ಹೌದು, ನನಗೆ ಗೊತ್ತು.

ಹೋದ ವಾರ ರೂಮಿನ ಫೋಟೊ ಕಳಿಸಿದ್ದೆಯಲ್ಲ, ನೋಡಮ್ಮ ಎಷ್ಟು ಬೆಳಕಿದೆ ಅಂತ. ನಿನ್ನ ಹಾಸಿಗೆ ದಪ್ಪ ಇದೆಯೋ ತೆಳ್ಳಗಿದೆಯೋ ನೋಡೋಣ ಎಂದು ಫೋಟೊ ದೊಡ್ಡದು ಮಾಡಿದೆ. ಬಾಗಿಲ ಹಿಂದಿನ ಮೊಳೆಗೆ ಒಂದು ಅಂಗಿ ನೇತುಹಾಕಿತ್ತು. ಬೂದು ಬಣ್ಣ, ಬಿಳಿ ಅಂಚಿನ ಕಾಲರ್. ಆ ಕಾಲರಿನ ಎಡ ತುದಿಗೆ ಎರಡು ಸಾಲು ಹೊಲಿಗೆ, ಬಲ ತುದಿಗೆ ಒಂದೇ.

ನೀನು ಹೋಗುವ ಮುಂಚಿನ ವರ್ಷ ನಮ್ಮ ಲೈನಿಗೆ ಬಂದ ಆರ್ಡರು ಅದು. ಕಟಿಂಗಿನವರು ಬಿಳಿ ಅಂಚನ್ನು ಅರ್ಧ ಬೆರಳು ಗಿಡ್ಡ ಕತ್ತರಿಸಿಬಿಟ್ಟಿದ್ದರು. ಎಡ ತುದಿಗೆ ಅಂಚು ಎಟುಕದೆ ಬಟ್ಟೆ ಬಾಯಿ ಬಿಟ್ಟುಕೊಳ್ಳುತ್ತಿತ್ತು. ಮರುದಿನವೇ ಲಾರಿ ಹೊರಡಬೇಕು. ಸೂಪರ್‌ವೈಸರ್ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಎರಡು ಸಾಲು ಹೊಲಿಗೆ ಹಾಕಿ ಮುಚ್ಚೋಣ, ಯಾರಿಗೂ ಕಾಣಲ್ಲ ಅಂತ ಉಪಾಯ ಹೇಳಿದವಳು ನಾನೇ. ಸಾವಿರಾರು ಅಂಗಿ ಹಾಗೇ ಹೊಲಿದು ಕಳಿಸಿದೆವು. ಬೇರೆ ಯಾವ ಕಾರ್ಖಾನೆಯೂ ಅಂಥ ಕಾಲರ್ ಹೊಲಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಆ ದೇಶದ ಹೆಸರಿತ್ತು, ಕೆಳಗೆ ಮನೆಗೆಲಸದವರ ಸಮವಸ್ತ್ರ ಎಂದು ಅಚ್ಚಾಗಿತ್ತು.

ನನ್ನ ಕೈಯ ಹೊಲಿಗೆ ನಿನ್ನ ಕೊರಳಿಗೇ ಬಿತ್ತು.

ಬಯ್ಯಲು ಬರೆಯುತ್ತಿಲ್ಲ. ಬಯ್ಯಲು ನನಗೇನು ಬಾಯಿದೆ? ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರ್ ಕೇಳಿದರೆ ಅಮ್ಮ ಆಫೀಸಿಗೆ ಹೋಗ್ತಾಳೆ ಅನ್ನು ಎಂದು ಹೇಳಿಕೊಟ್ಟವಳು ನಾನು. ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ದುಡಿಯುವ ಕೈಗೆ ಮರ್ಯಾದೆ ಕೊಡಿ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಸಂಜೆ ನಿನ್ನ ಶಾಲೆಯ ಮೆಟ್ಟಿಲು ಹತ್ತುವ ಮುಂಚೆ ಬಟ್ಟೆಗೆ ಅಂಟಿದ ದಾರದ ಚೂರುಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕುತ್ತಿದ್ದೆ. ನೀನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಎಂದು ನೀನು ಹೇಳಿದ ಸುಳ್ಳು ನನ್ನಿಂದಲೇ ಕಲಿತದ್ದು.

ಆದರೆ ಇದೊಂದು ಕೇಳು. ಇನ್ನೊಬ್ಬರ ಮನೆ ಒರೆಸುವುದು ನಾಚಿಕೆಯಲ್ಲ. ಒರೆಸಿದವಳಿಗೆ ಕೂರಲು ಕುರ್ಚಿ ಕೊಡದವರು ನಾಚಿಕೊಳ್ಳಲಿ. ವಾರಕ್ಕೊಂದು ಪೂರಾ ರಜೆ ಕೊಡದವರು ನಾಚಿಕೊಳ್ಳಲಿ. ನಿನ್ನ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ ಎಂದು ಎರಡು ಸಲ ಕೇಳಿದೆ, ಎರಡು ಸಲವೂ ಫೋನ್ ಕಟ್ಟಾಯಿತು. ಸಿಗ್ನಲ್ ಇರಲಿಲ್ಲ ಅಂದೆ. ಆಯಿತು, ಸಿಗ್ನಲ್ ಇರಲಿಲ್ಲ.

ನನಗೆ ತೋರಿಸಲೆಂದು ಯಾರ ಮನೆಯನ್ನೂ ಎರವಲು ಪಡೆಯಬೇಡ. ಗೆಳತಿಯ ಬಿಳಿ ಕೋಟು ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಬರಬೇಡ. ಆ ಮನೆಯವರು ಬರಲು ಬಿಡದಿದ್ದರೆ ಬರಲೇಬೇಡ, ವಿಳಾಸ ಕೊಡು, ನಾನೇ ಹುಡುಕಿಕೊಂಡು ಬರುತ್ತೇನೆ. ಉಳಿಯಲು ಅಂಗಡಿಯವನು ಒಂದು ಸಣ್ಣ ಲಾಡ್ಜು ನೋಡಿದ್ದಾನೆ. ಹತ್ತು ದಿನದಲ್ಲಿ ಅರ್ಧ ದಿನ ಬಿಟ್ಟರೂ ಸಾಕು. ದೊಡ್ಡ ದೊಡ್ಡ ಕಟ್ಟಡ ತೋರಿಸಬೇಡ, ನನಗೆ ಕತ್ತೆತ್ತಿದರೆ ತಲೆಸುತ್ತು. ಎಲ್ಲಾದರೂ ನೆರಳಲ್ಲಿ ಕೂತು ನಿನ್ನ ಕೈ ನೋಡಬೇಕು, ಅಷ್ಟೇ. ಸೋಪಿನ ನೀರಿಗೆ ಬೆರಳ ಸಂದು ಬಿರಿದಿದ್ದರೆ ಮುಲಾಮು ತರುತ್ತೇನೆ.

ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ಮನಿರೋಣ. ನನಗೂ ಸಾಕಾಗಿದೆ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ವೀಸಾ ಇನ್ನೂ ಕೈಗೆ ಬಂದಿಲ್ಲ. ಯಾರನ್ನು ನೋಡಲು ಹೋಗುತ್ತೀರಿ, ಅವರ ಉದ್ಯೋಗವೇನು ಎಂದು ಅರ್ಜಿಯಲ್ಲಿ ಒಂದು ಸಾಲಿತ್ತು. ಮನೆಗೆಲಸ ಅಂತ ಬರಿ ಅಂದೆ. ಅಂಗಡಿಯವನು ಪೆನ್ನು ಎತ್ತಿ ಹಿಡಿದು, ಅಮ್ಮಾ ಕ್ಲಿನಿಕ್ ಅಂತಲೇ ಹಾಕ್ತೀನಿ, ಬೇಗ ಆಗುತ್ತೆ, ಹೀಗೆ ಬರೆದರೆ ಅರ್ಜಿ ವಾಪಸ್ ಬಂದರೂ ಬಂತು ಅಂದ. ಇರೋದನ್ನೇ ಬರಿಯಪ್ಪ ಅಂದೆ. ಗುರುವಾರ ಗೊತ್ತಾಗುತ್ತದೆ. ತಿರಸ್ಕಾರವಾದರೆ, ಅಬ್ಬಾ ಅಮ್ಮ ಬರಲಿಲ್ಲ ಎಂದು ನಿಟ್ಟುಸಿರು ಬಿಡಬೇಡ. ಮುಖ ಕಾಣುವ ಹಾಗೆ ಫೋನ್ ಮಾಡು, ಆ ಬೂದು ಅಂಗಿ ಹಾಕಿಕೊಂಡೇ ಮಾಡು.