ಹಳದಿ ಬನಿಯನ್ನಿನ ಅಳಿಯ

ಹೋಟೆಲಿನ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು
ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಒದ್ದೆ ಹಾಸುಬಟ್ಟೆಗಳನ್ನು ಮಷಿನ್ನಿನಿಂದ ಒಬ್ಬಳೇ ಎಳೆಯಬೇಡ, ಇಸ್ತ್ರಿಯ ಹೆಂಗಸನ್ನು ಜೊತೆಗೆ ಕರೆದುಕೋ ಎಂದು ಹೊರಡುವಾಗ ಹೇಳಿದ್ದೆ. ನೀನು ಥಟ್ಟನೆ ಹೂಂ ಅಂದುಬಿಟ್ಟೆ, ಅದಕ್ಕೇ ನನಗೆ ಅನುಮಾನ. ಬಾಯ್ಲರ್ ಸುಮ್ಮನಿದೆಯೋ, ಮತ್ತೆ ಸೀಟಿ ಹೊಡೆಯುತ್ತಿದೆಯೋ? ಹೊಡೆದರೆ ಮೆಕ್ಯಾನಿಕ್ಕನ್ನು ಕರೆಸು, ಸ್ಪ್ಯಾನರ್ ಹಿಡಿದು ನೀನೇ ಅದರ ಮುಂದೆ ಕೂರಬೇಡ. ಹೊಸ ಗಿರಾಕಿಗಳ ಕೆಲಸ ಬಂದ ವಾರವೇ ಈ ಮ್ಯಾರಥಾನ್ ಓಟವೂ ಬಂದು, ಲಾಂಡ್ರಿಯಲ್ಲಿ ಒಬ್ಬರು ಇರಲೇಬೇಕಾಗಿ, ನಿನ್ನನ್ನು ಬಿಟ್ಟು ನಾವು ಮೂವರು ಹೊರಟಿದ್ದು ನನಗೆ ಇನ್ನೂ ಸರಿ ಕಂಡಿಲ್ಲ. ನಿದ್ದೆಯಲ್ಲಿ ಪಕ್ಕಕ್ಕೆ ಕೈ ಚಾಚಿದರೆ ನಮ್ಮ ರೇಡಿಯೋದ ಮೊಣಕೈ ಸಿಗುತ್ತದೆ. ಮಗಳಿಗೆ ಆ ಅಡ್ಡಹೆಸರು ಇಟ್ಟದ್ದು ಸರಿಯಾಗಿಯೇ ಇದೆ ಬಿಡು, ಹನ್ನೊಂದು ವರ್ಷಕ್ಕೇ ನಿದ್ದೆಯಲ್ಲೂ ವಾರ್ತೆ ಓದುತ್ತಾಳೆ.

ನಿನ್ನೆ ಫೋನಿನಲ್ಲಿ ಓಡಿ ಮುಗಿಸಿದೆ, ಎಲ್ಲರೂ ಚೆನ್ನಾಗಿದ್ದೇವೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆನಲ್ಲ, ನೀನು ಮೂತಿ ಉಬ್ಬಿಸಿಕೊಂಡಿರುತ್ತೀಯ. ಏನು ಮಾಡಲಿ, ಇರುವುದು ಒಂದೇ ರೂಮು. ನಿನ್ನ ಅಮ್ಮನ ವಿಷಯವನ್ನು ಅವರ ಎದುರಿಗೇ ಕೂತು ಹೇಗೆ ಹೇಳುವುದು? ಈಗ ಅತ್ತೆ, ಮೊಮ್ಮಗಳು ಇಬ್ಬರೂ ಊಟಕ್ಕೆ ಕೆಳಗೆ ಹೋಗಿದ್ದಾರೆ. ಮೆಟ್ಟಿಲು ಇಳಿಯಲು ಆಗುವುದಿಲ್ಲ ಎಂಬ ನೆಪ ಹೇಳಿ ನಾನು ಉಳಿದೆ. ನೆಪವೇನು ಬಂತು, ಬೆಳಿಗ್ಗೆ ಮೆಟ್ಟಿಲಿಗೆ ಮುಖ ಮಾಡಿ ಹಿಮ್ಮುಖವಾಗಿ ಇಳಿದದ್ದನ್ನು ನೋಡಿ ಕೆಳಗಿನ ಕೌಂಟರಿನವಳು ಲೆಕ್ಕ ಬರೆಯುವುದನ್ನೇ ನಿಲ್ಲಿಸಿದಳು. ನಾವು ತಿರುಗಾಡಿಕೊಂಡು ಮನೆ ಸೇರಲು ಇನ್ನೂ ಒಂದು ವಾರವಿದೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಿರುತ್ತದೆ.

ಬರುವಾಗ ರೈಲಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಮೊಮ್ಮಗಳಿಗೆ ಪಾಠ ಮಾಡಿದರು. ಹೊರಗೆ ಯಾವ ಬೋರ್ಡು ಬಂದರೂ "ಓದು ನೋಡೋಣ, ಸ್ಪಷ್ಟವಾಗಿ ಓದು" ಅನ್ನುವುದು. ಸ್ಟೇಷನ್ನಿನ ಹೆಸರು, ಗೋಡೆಯ ಜಾಹೀರಾತು, ಹೋಟೆಲಿಗೆ ಬಂದ ಮೇಲೆ ತಿಂಡಿಯ ಪಟ್ಟಿ, ರೂಮಿನ ಬಾಗಿಲಿನ ಅಂಕಿ ಸಹ ಬಿಡಲಿಲ್ಲ. ಇಡೀ ಜೀವಮಾನ ಲೆಕ್ಕದ ಟೀಚರಾಗಿದ್ದವರು, ರಜೆಯಲ್ಲೂ ಕ್ಲಾಸು ಬಿಡುವುದಿಲ್ಲವಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮ್ಯಾರಥಾನ್ ಬಗ್ಗೆ ಅವರ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಮೈದಾನದಿಂದ ಹೊರಟು ನಲವತ್ತೆರಡು ಕಿಲೋಮೀಟರ್ ಸುತ್ತಿ ಅದೇ ಮೈದಾನಕ್ಕೆ ಬರುವ ಓಟ ಎಂದು ವಿವರಿಸಿದರೆ, "ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಅಲ್ಲೇ ನಿಂತಿದ್ರೆ ಆಗಲ್ವಾ ಅಳಿಯಂದ್ರೇ?" ಎಂದರು. ಆದರೆ ಶನಿವಾರ ಸಂಜೆ ಕೆರೆ ದಂಡೆಯ ದೀಪ ನೋಡಬೇಕೆಂದು ನಮ್ಮ ರೇಡಿಯೋ ಹಟ ಹಿಡಿದಾಗ, "ನಿಮ್ಮಪ್ಪ ನಾಳೆ ಓಡ್ಬೇಕು, ಬಾಯಿ ಮುಚ್ಕೊಂಡು ಮಲಗು" ಎಂದು ಗದರಿ, ಪರದೆ ಎಳೆದು, ದೀಪ ಆರಿಸಿದವರೂ ಅವರೇ.

ಓಟ ಶುರುವಾದದ್ದು ಚಳಿಯಲ್ಲಿ. ನಾನು ಹೆದರಿರಲಿಲ್ಲ ಕಣೇ. ವರ್ಷವಿಡೀ ಅಂಗಡಿ ಬಾಗಿಲು ತೆರೆಯುವ ಮೊದಲು ಓಡಿದ್ದೇನೆ, ನನ್ನ ಕಾಲಿನ ಮೇಲೆ ನನಗೆ ನಂಬಿಕೆಯಿತ್ತು. ದೂರದಿಂದ ಗುರುತು ಸಿಗಲಿ ಅಂತ ನೀನು ಆರಿಸಿಕೊಟ್ಟ ಹಳದಿ ಬನಿಯನ್ನನ್ನೇ ಹಾಕಿದ್ದೆ. ಮುಂದೆ ಓಡುತ್ತಿದ್ದವನ ಬೆನ್ನ ಮೇಲೆ, ಸರಿಯಾಗಿ ಜಾಲಿಸದ ಸೋಪು ಬೆವರಿಗೆ ನೊರೆಯಾಗಿ ಉಕ್ಕುತ್ತಿತ್ತು. ಇನ್ನೊಂದು ನೀರಿಗೆ ಹಾಕಿ ತೆಗೆಯಿರಿ ಎಂದು ಕೂಗಿ ಹೇಳೋಣ ಅನ್ನಿಸಿತು. ಅಂಗಡಿಯ ಅಭ್ಯಾಸ ಎಲ್ಲಿ ಹೋದರೂ ಬಿಡುವುದಿಲ್ಲ ನೋಡು. ಅರ್ಧ ದಾರಿ ದಾಟಿದಾಗ ಇನ್ನೂ ಮಾತಾಡುವಷ್ಟು ಉಸಿರು ಉಳಿದಿತ್ತು. ದೊಡ್ಡ ಸೇತುವೆ ಇಳಿದ ಕೂಡಲೇ ಸಿಗುವ ಔಷಧಿ ಅಂಗಡಿಯ ಮುಂದೆ ಅತ್ತೆ, ಮಗಳು ಕಿತ್ತಳೆ ಸುಲಿದು ಹಿಡಿದು ನಿಂತಿರಬೇಕು ಎಂದು ಮಾತಾಗಿತ್ತು.

ಸೇತುವೆಯ ಮೇಲಿಂದಲೇ ನನಗೆ ಅವರು ಕಂಡರು. ಮಗಳು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಅತ್ತೆ ಆಗಲೇ ರಸ್ತೆಗೆ ಇಳಿದು, ನಂಬಿದರೆ ನಂಬು, ಓಡುತ್ತಿದ್ದರು! ಒಬ್ಬನ ಪಕ್ಕದಲ್ಲಿ ದಾಪುಗಾಲು ಹಾಕುತ್ತಾ, ಅವನ ಕೈಗೆ ಕಿತ್ತಳೆ ತೊಳೆ ತುರುಕುತ್ತಾ, "ಬೆನ್ನು ನೆಟ್ಟಗೆ ಅಳಿಯಂದ್ರೇ! ನೆಲ ನೋಡ್ಬೇಡಿ, ಮುಂದೆ ನೋಡಿ!" ಎಂದು ಜಬರ್ದಸ್ತು ಮಾಡುತ್ತಿದ್ದರು. ಆ ಆಸಾಮಿ ನನಗಿಂತ ಗೇಣುದ್ದ ಕುಳ್ಳ, ತಲೆ ನುಣ್ಣಗೆ ಬೋಳು, ಹೊಟ್ಟೆ ನನ್ನ ಎರಡರಷ್ಟು. ಹೋಲಿಕೆ ಅಂತ ಇದ್ದದ್ದು ಹಳದಿ ಬನಿಯನ್ ಒಂದೇ. ಪುಣ್ಯಾತ್ಮ, ಎದುರಾಡದೆ ಬೆನ್ನು ನೆಟ್ಟಗೆ ಮಾಡಿಕೊಂಡು, ತೊಳೆಯನ್ನು ಬಾಯಿಗೆ ಹಾಕಿಕೊಂಡು, "ಆಗ್ಲಿ ಅಮ್ಮಾ" ಎಂದು ಮುಂದೆ ಹೋದ. ನಾನು ಹಿಂದಿನಿಂದ ಬಿದ್ದು ಬಿದ್ದು ನಗುತ್ತಾ ಬರುತ್ತಿದ್ದೆ. ಅಷ್ಟರಲ್ಲಿ ಅತ್ತೆ ತೃಪ್ತಿಯಿಂದ ತಿರುಗಿ ಬೆಂಚಿನ ಕಡೆ ಹೊರಟರು. ಪ್ರಥಮ ಚಿಕಿತ್ಸೆಯವರ ಸೈಕಲ್ಲೊಂದು ಗಂಟೆ ಬಾರಿಸುತ್ತಾ ನೇರ ಅವರತ್ತ ಬರುತ್ತಿತ್ತು. ಗಂಟೆ ಕೇಳಿಸಿತು, ಆದರೆ ಸೈಕಲ್ ಯಾವ ಕಡೆಯಿಂದ ಬರುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ. ಆ ಕಡೆಯೊಮ್ಮೆ, ಈ ಕಡೆಯೊಮ್ಮೆ ತಿರುಗಿ, ಪಕ್ಕಕ್ಕೆ ಹಾರಲು ಹೋಗಿ, ಕಾಲು ಫುಟ್‌ಪಾತಿನ ಅಂಚಿಗೆ ಬಡಿದು ಮುಗ್ಗರಿಸಿ ಬಿದ್ದರು.

ಗಾಬರಿಯಾಗಬೇಡ. ಮೊಣಕಾಲು ತರಚಿದೆ, ಅಂಗೈ ಕೆಂಪಾಗಿದೆ, ಅಷ್ಟೇ. ಆದರೆ ನಾನು ಓಡಿ ಹತ್ತಿರ ಹೋದಾಗ ಅವರು ನೆಲ ತಡಕುತ್ತಿದ್ದರು. ಕನ್ನಡಕ ಬಲಗೈಯ ಪಕ್ಕದಲ್ಲೇ, ಕಪ್ಪು ಟಾರಿನ ಮೇಲೆ, ಬಿಸಿಲಿಗೆ ಥಳಥಳ ಹೊಳೆಯುತ್ತಾ ಬಿದ್ದಿತ್ತು. ಅವರ ಕೈ ಅದನ್ನು ಬಿಟ್ಟು ಸುತ್ತಲೂ ಸವರುತ್ತಿತ್ತು. ನಾನೇ ಎತ್ತಿ, ಬನಿಯನ್ನಿನಲ್ಲಿ ಒರೆಸಿ, ಮೂಗಿನ ಮೇಲೆ ಇಟ್ಟೆ. ಮುಖಕ್ಕೆ ಮುಖ ಕೊಟ್ಟು ನನ್ನನ್ನೇ ನೋಡಿದರು. ನೋಡಿ, "ದೇವರು ಒಳ್ಳೇದು ಮಾಡ್ಲಿ ಕಣಪ್ಪಾ, ನಿನ್ನ ಓಟ ಹಾಳಾಯ್ತು, ನೀನು ಹೋಗು" ಎಂದರು. ಮದುವೆಯಾದಂದಿನಿಂದ ನನ್ನನ್ನು ಬಹುವಚನ ಬಿಟ್ಟು ಮಾತಾಡಿಸದವರು! "ಅತ್ತೇ, ನಾನು" ಎಂದೆ. ಧ್ವನಿ ಗುರುತಾದದ್ದೇ ಅವರ ಮುಖ ಬಿಳಿಚಿಕೊಂಡಿತು. ನನ್ನ ಬನಿಯನ್ನಿನ ಅಂಚು ಮುಟ್ಟಿ ನೋಡಿ, "ಹಾಗಾದ್ರೆ ಕಿತ್ತಳೆ ತಿಂದೋರು ಯಾರು?" ಎಂದು ಕೇಳಿದರು. ನನಗೆ ನಗು ಬರಲಿಲ್ಲ.

ಮಗಳು ಅಳುತ್ತಾ ಬಂದು ಅವರನ್ನು ಅಪ್ಪಿಕೊಂಡಳು. "ಅಜ್ಜಿಗೆ ಕಾಣಲ್ಲ ಅಪ್ಪಾ, ನಾನೇ ಎಲ್ಲಾ ಓದಿ ಹೇಳೋದು, ಅಮ್ಮನಿಗೆ ಹೇಳ್ಬೇಡ ಅಂದಿದ್ರು" ಎಂದು ಒಂದೇ ಉಸಿರಿಗೆ ಕಕ್ಕಿಬಿಟ್ಟಳು. ನಮ್ಮ ರೇಡಿಯೋ ಇಷ್ಟು ದಿನ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು ಅಂದರೆ ಅಜ್ಜಿಯ ಮೇಲೆ ಅವಳಿಗೆ ಎಷ್ಟು ಪ್ರೀತಿ ಇರಬೇಕು ಯೋಚಿಸು. ಸೈಕಲ್ಲಿನ ಹೆಂಗಸು ಅಲ್ಲೇ ಅಂಚಿನಲ್ಲಿ ಅತ್ತೆಯನ್ನು ಕೂರಿಸಿ ಗಾಯ ತೊಳೆದು ಪಟ್ಟಿ ಕಟ್ಟಿದಳು. ನಾನೂ ಪಕ್ಕದಲ್ಲಿ ಕೂತೆ. ಎದುರಿಗೆ ಓಟಗಾರರು ದಾಟುತ್ತಲೇ ಇದ್ದರು. ಓಟ ಸಾಕು, ರೂಮಿಗೆ ಹೋಗೋಣ ಎಂದೆ. ಅತ್ತೆ ನನ್ನ ಧ್ವನಿಯ ಕಡೆ ತಿರುಗಿ, ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸುವ ದನಿಯಲ್ಲಿ, "ಪಟ್ಟಿ ಕಟ್ಟಿರೋದು ನನ್ನ ಕಾಲಿಗೆ. ನಿಮ್ಮ ಕಾಲಿಗೆ ಏನಾಗಿದೆ? ಅರ್ಧ ಬಿಟ್ಟ ಲೆಕ್ಕಕ್ಕೆ ನಾನು ಯಾವತ್ತೂ ಅಂಕ ಕೊಟ್ಟೋಳಲ್ಲ. ಏಳಿ" ಎಂದರು. ಇವರಿಬ್ಬರನ್ನೂ ತಮ್ಮ ಆಂಬುಲೆನ್ಸ್ ಕರೆಸಿ ಮೈದಾನಕ್ಕೆ ಬಿಡುತ್ತೇವೆ ಎಂದು ಆ ಹೆಂಗಸು ಭರವಸೆ ಕೊಟ್ಟಳು. ಎದ್ದೆ.

ಕೂತು ಎದ್ದ ಕಾಲು ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದುಕೊಂಡಿತ್ತು. ಹಳೆಯ ವೇಗ ಮತ್ತೆ ಬರಲೇ ಇಲ್ಲ. ಬನಿಯನ್ನಿನ ತುಂಬ ಕಿತ್ತಳೆ ರಸ, ಟಾರಿನ ಮಸಿ. ನೀನು ನೋಡಿದ್ದರೆ ಮೊದಲು ಅದನ್ನೇ ಬಿಚ್ಚಿಸುತ್ತಿದ್ದೆ. ಆಮೇಲಿನ ದಾರಿಯಲ್ಲಿ ನನ್ನನ್ನು ದಾಟಿ ಹೋದವರೇ ಹೆಚ್ಚು. ಊರಾಚೆಯ ಉದ್ದನೆಯ ಗೋದಾಮು ರಸ್ತೆಯಲ್ಲಿ ಒಂದಷ್ಟು ದೂರ ನಡೆದೆ, ನಾಚಿಕೆಯಿಲ್ಲದೆ ನಡೆದೆ. ಹಿಂದಿನಿಂದ ರಸ್ತೆ ತೆರವು ಮಾಡುವ ವ್ಯಾನು ಬರುತ್ತಿರುವುದು ಕೇಳಿಸುತ್ತಿತ್ತು. ಅದು ನನ್ನನ್ನು ಹಿಂದೆ ಹಾಕಿದರೆ ಆಟ ಮುಗಿದ ಹಾಗೆ. ಆದರೂ, ಜಂಭ ಅಂದುಕೋ ಬೇಕಾದರೆ, ಮುಗಿಸುತ್ತೇನೆ ಎಂಬುದರಲ್ಲಿ ಒಂದು ಕ್ಷಣವೂ ಸಂಶಯ ಬರಲಿಲ್ಲ. ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ: ಅತ್ತೆ ದಿನಾ ಒಬ್ಬರೇ ರಸ್ತೆ ದಾಟಿ ನಮ್ಮ ಅಂಗಡಿಗೆ ಬರುತ್ತಾರಲ್ಲ, ಹೇಗೆ ಬರುತ್ತಾರೆ?

ಮೈದಾನದ ಗೇಟು ಕಾಣುವ ಮೊದಲೇ ಅತ್ತೆಯ ಗಂಟಲು ಕೇಳಿಸಿತು. "ಬನ್ನಿ ಅಳಿಯಂದ್ರೇ! ಇನ್ನೇನು ಬಂದೇಬಿಟ್ರಿ!" ನನ್ನನ್ನೇ ಕರೆಯುತ್ತಿದ್ದಾರೆ ಎಂದು ಕೈ ಎತ್ತಿದೆ. ಗೇಟಿನೊಳಗೆ ಬಂದು ನೋಡಿದರೆ ನನಗಿಂತ ಎಷ್ಟೋ ಮುಂದೆ ಒಬ್ಬಳು ಹುಡುಗಿ ಕೊನೆಯ ಗೆರೆ ದಾಟುತ್ತಿದ್ದಳು. ಅವಳ ಹಿಂದೆ ಬಂದ ಮುದುಕನಿಗೂ "ಬನ್ನಿ ಅಳಿಯಂದ್ರೇ!" ಅಷ್ಟು ಹೊತ್ತಿಗೆ ಅಡ್ಡಗಂಬಿಯ ಬಳಿ ನಿಂತ ಜನವೆಲ್ಲ ಅವರ ಜೊತೆ ಸೇರಿ, ಯಾರು ಬಂದರೂ ಅಳಿಯಂದ್ರೇ ಎಂದು ಕೂಗುತ್ತಿದ್ದರು. ಆ ಗಲಾಟೆಯ ನಡುವೆ ನಾನು ಗೆರೆ ದಾಟಿದೆ, ವ್ಯಾನಿಗಿಂತ ಮುಂದೆಯೇ. ಹತ್ತಿರ ಹೋಗಿ ಕೈ ಹಿಡಿದೆ. "ಯಾರು ಅಂತ ಗೊತ್ತಾಗಲ್ಲ, ಅದಕ್ಕೆ ಎಲ್ರಿಗೂ ಕೂಗ್ದೆ. ಯಾರೋ ಒಬ್ರು ನೀವಾಗಿರ್ತೀರಲ್ಲ" ಎಂದರು, ಎಲ್ಲರಿಗೂ ಕೇಳುವ ಹಾಗೆ. ಮುಚ್ಚಿಡುವ ಆಟವನ್ನು ಅವರು ಅಲ್ಲಿಗೇ ಬಿಟ್ಟರು ಅಂತ ನನಗೆ ಅನ್ನಿಸಿತು.

ಸಂಜೆ ಮಗಳು ಸ್ನಾನಕ್ಕೆ ಹೋದಾಗ, ನಾನು ಕೇಳದೆಯೇ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಹೋದ ವರ್ಷ ಒಬ್ಬರೇ ಹೋಗಿ ತೋರಿಸಿಕೊಂಡು ಬಂದು, ಡಾಕ್ಟರು ಕನ್ನಡಕ ಬದಲಾಯಿಸಲು ಹೇಳಿದರು ಎಂದಷ್ಟೇ ನಿನಗೆ ತಿಳಿಸಿದರಂತೆ. ಚಿಕ್ಕದೊಂದು ಆಪರೇಷನ್, ಅರ್ಧ ದಿನದ ಕೆಲಸ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಆದರೆ ನಿನ್ನ ದೊಡ್ಡಮ್ಮ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಒಂದು ಕಣ್ಣು ಪೂರ್ತಿ ಹೋದದ್ದನ್ನು ಇವರು ಪಕ್ಕದಲ್ಲಿದ್ದು ನೋಡಿದವರು. "ಇರೋ ಮಬ್ಬಾದ್ರೂ ನನ್ನದು ಅಂತ ಇದೆ, ಅದೂ ಹೋದ್ರೆ?" ಎಂದರು. ಆಗಿನ ಕಾಲ ಬೇರೆ, ಈಗ ಬೇರೆ ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಎಷ್ಟೋ ಹೊತ್ತಿನ ಮೇಲೆ, "ಆ ಕಿತ್ತಳೆ ತಿಂದೋನು ಕೆಟ್ಟದಾಗಿ ಓಡ್ತಿದ್ದ, ಆಗಲೇ ನನಗೆ ಅನುಮಾನ ಬರಬೇಕಿತ್ತು" ಎಂದರು. ನನ್ನ ಓಟಕ್ಕೆ ನಿನ್ನ ಅಮ್ಮನಿಂದ ಸಿಕ್ಕ ಮೊದಲ ಹೊಗಳಿಕೆ ಇದು, ಜೋಪಾನವಾಗಿ ಎತ್ತಿಟ್ಟುಕೊಂಡಿದ್ದೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಇಸ್ತ್ರಿಯ ಹೆಂಗಸಿಗೆ ನಾನು ಕೇಳಿದೆ ಎಂದು ಹೇಳು. ಮಗಳು ನಿನಗೆ ಮುತ್ತು ಕಳಿಸಿದ್ದಾಳೆ, ಎಷ್ಟು ಎಂದು ಎಣಿಸಲು ಹೋಗಲಿಲ್ಲ.

ನಿನ್ನವನೇ ಆದ,
ಕುಂಟುತ್ತಿರುವ, ಆದರೂ ಗೆದ್ದ
ಲಾಂಡ್ರಿಯವನು

ಮರೆತೆ — ಮರೆತೆನೇನು, ಈಗಷ್ಟೇ ಆದದ್ದು. ಅತ್ತೆ ಊಟ ಮುಗಿಸಿ ಬಂದರು. "ಅವಳಿಗೇ ಬರೀತಿದ್ದೀರಿ ತಾನೇ? ಹಾಗಾದ್ರೆ ಇದನ್ನೂ ಸೇರಿಸಿ" ಎಂದು ನಿಂತೇ ಹೇಳಿ ಬರೆಸುತ್ತಿದ್ದಾರೆ: ಆಪರೇಷನ್‌ಗೆ ಹೆಸರು ಬರೆಸು, ಮೊದಲು ಎಡಗಣ್ಣು. ಆದರೆ ಕರೆದುಕೊಂಡು ಹೋಗಬೇಕಾದವನು ನಾನು, ನೀನಲ್ಲ. ಯಾಕೆ ಎಂದು ಕೇಳಿದೆ. "ಅವಳು ಬಂದ್ರೆ ಅಳ್ತಾಳೆ. ಅವಳನ್ನ ಸಮಾಧಾನ ಮಾಡೋದ್ರಲ್ಲೇ ಹೊತ್ತು ಹೋಗುತ್ತೆ, ನನಗೆ ಹೆದರೋಕೂ ಪುರುಸೊತ್ತು ಸಿಗಲ್ಲ. ನಿಮ್ಮ ಪಕ್ಕ ಕೂತು ಆರಾಮಾಗಿ ಹೆದರ್ಕೋತೀನಿ" ಎಂದರು. ಕಾಗದ ಕೈಗೆ ಸಿಕ್ಕ ಕೂಡಲೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡು, ಅವರ ಮನಸ್ಸು ತಿರುಗುವ ಮೊದಲೇ. ಅಳುವುದಿದ್ದರೆ, ನಾವು ಬರುವುದರೊಳಗೆ ಅತ್ತು ಮುಗಿಸಿರು.