ಎನಿಡ್ ಅತ್ತೆಯ ಡೇಲಿಯಾ

ಎನಿಡ್ ಅತ್ತೆ,

ಮಗುವಿನ ನಾಮಕರಣಕ್ಕೆ ಒಂದೇ ಒಂದು ಡೇಲಿಯಾ ಕೇಳಿದಾಗ, "ಮಗು ನಿನ್ನದು, ಹೂ ನನ್ನದು" ಅಂದಿರಿ. ಜನವರಿಯಲ್ಲಿ ನಿಮ್ಮನ್ನು ಮಣ್ಣು ಮಾಡಿ ಬಂದ ಮರುದಿನವೇ ನಾನು ಕತ್ತರಿ ಹಿಡಿದೆ. ನಿದ್ದೆಯಿಲ್ಲದ ಕಣ್ಣು, ಕಂಕುಳಲ್ಲಿ ಅಳುವ ಮಗು. ಆದರೂ ದಿನಾ ಬೆಳಿಗ್ಗೆ ನಿಮ್ಮ ತೋಟದಲ್ಲಿ ಅರಳಿದ್ದನ್ನೆಲ್ಲ ಕತ್ತರಿಸಿದೆ.

ಈಗ ಮೇ ತಿಂಗಳು, ನಮ್ಮಲ್ಲಿ ಚಳಿಗಾಲದ ಹೊಸ್ತಿಲು. ಹೋಬಾರ್ಟಿನ ಬೆಟ್ಟದ ಮೇಲೆ ಹಿಮ ಬಿದ್ದಿದೆ, ಆದರೂ ನಿಮ್ಮ ಗಿಡಗಳಲ್ಲಿ ಇನ್ನೂ ಹೊಸ ಮೊಗ್ಗು ಬರುತ್ತಲೇ ಇವೆ. ಇವತ್ತು ಪಕ್ಕದ ಮನೆಯ ಮರ್ವ್ ಬೇಲಿಯಾಚೆಯಿಂದ ಕೂಗಿದರು: "ಭಲೇ ಹುಡುಗಿ! ಕಿತ್ತಷ್ಟೂ ಬಿಡುತ್ತೆ ಕಣೇ ಅದು. ಆ ಮುದುಕಿಗೆ ಎಷ್ಟು ಬಡ್ಕೊಂಡೆ! ಹೂವೆಲ್ಲ ಗಿಡದಲ್ಲೇ ಬಿಟ್ಟು ಮಾರ್ಚಿಗೇ ಒಣಗಿಸ್ಕೋತಿದ್ಲು."

ನಿಮ್ಮ ತೋಟವನ್ನು ಬೋಳು ಮಾಡಲು ಹೊರಟವಳು ನಾನು. ನಿಮ್ಮ ಕೈಯಲ್ಲಿ ಅದು ಎಂದೂ ಇಷ್ಟು ಅರಳಿರಲಿಲ್ಲವಂತೆ.

ನೀವಿದ್ದು ನೋಡಬೇಕಿತ್ತು, ಅತ್ತೆ.